ಮಧ್ಯಾಹ್ನ ಎರಡಕ್ಕೆ ಬಾರಿಸಿದ ಪ್ರಾರ್ಥನೆಯ ಗಂಟೆ

ಫೆತು ಅಕ್ಕಾ,

ಈ ಮನೆಯ ಚರಿತ್ರೆಯಲ್ಲೇ ಅತಿ ಗಂಭೀರವಾದ ಸಂಗತಿಯನ್ನು ಮೊದಲು ತಿಳಿಸುತ್ತೇನೆ: ನಿನ್ನ ದೊಡ್ಡ ಸೌಟು ಸೊಟ್ಟಗಾಗಿದೆ. ಬೈಗುಳವನ್ನು ಪತ್ರ ಪೂರ್ತಿ ಓದಿದ ಮೇಲಕ್ಕೆ ಇಟ್ಟುಕೋ.

ಕರೆಂಟಿನ ಪಾಠಕ್ಕೆ ನನ್ನ ಶಾಲೆಯ ಮಕ್ಕಳು ಹಳೇ ಬಸ್ಸಿನ ವೈಪರ್ ಮೋಟಾರಿಗೆ ಆ ಸೌಟು ಕಟ್ಟಿ, ಬ್ಯಾಟರಿ ಜೋಡಿಸಿ, ಚರ್ಚಿನ ಮುಂದೆ ಗಂಟೆಯಾಗಿ ತೂಗುವ ಖಾಲಿ ಸಿಲಿಂಡರಿನ ಪಕ್ಕ ನಿಲ್ಲಿಸಿದರು. ಒಂದೇ ಪೆಟ್ಟು ಎಂದುಕೊಂಡಿದ್ದೆ. ಅದು ಥೇಟ್ ಸಂಜೆ ಪ್ರಾರ್ಥನೆಯ ಗಂಟೆಯ ಹಾಗೆ ಢಣಢಣ ಬಾರಿಸಿತು. ಮಧ್ಯಾಹ್ನ ಎರಡಕ್ಕೆ ಇಡೀ ಊರು ಮೊಣಕಾಲೂರಿತು! ಬಸ್ಸು ನಡುರಸ್ತೆಯಲ್ಲೇ ನಿಂತಿತು. ಮುಗಿಸುವ ಗಂಟೆ ಬೀಳುವವರೆಗೆ ಯಾರೂ ಅಲುಗುವಂತಿಲ್ಲ ಎಂಬ ನಮ್ಮೂರ ಕಟ್ಟಳೆ ನಿನಗೆ ಗೊತ್ತಲ್ಲ. ಪ್ರಾರ್ಥನೆ ಮುಗಿಸುವ ಗಂಟೆ ಹೊಡೆಯೋಣವೆಂದರೆ ಬ್ಯಾಟರಿ ಸತ್ತಿದೆ. ಸೌಟು ಕೈಗೆತ್ತಿಕೊಂಡೆ, ಕಾವಲಿನ ಹುಡುಗರು ದೊಣ್ಣೆ ಹಿಡಿದು ಬಂದು, "ಟೀಚರ್, ಪ್ರಾರ್ಥನೆ ಹೊತ್ತಲ್ಲಿ ಓಡಾಡ್ತೀರಾ? ಕೂತ್ಕೊಳ್ರೀ!" ಎಂದು ನನ್ನನ್ನೇ ಕೂರಿಸಿದರು. ಪಾದ್ರಿಗಳು ಎದ್ದು ಬಂದು ತಾವೇ ಗಂಟೆ ಹೊಡೆಯುವವರೆಗೂ, ಮುಕ್ಕಾಲು ತಾಸು, ಅಕ್ಕಾ!

ಊರ ಹಿರಿಯ ಲೆಆವಾ ಸಭೆ ಕರೆದರು. "ಏನಮ್ಮಾ ಲುಪೆ, ದೇವರನ್ನೂ ಮಧ್ಯಾಹ್ನ ಮಲಗಕ್ಕೆ ಬಿಡಲ್ವಾ? ದಂಡಕ್ಕೆ ಒಂದು ಹಂದಿ ಕೊಡು, ಇಲ್ಲಾಂದ್ರೆ ನಿನ್ನ ಈ ಮೋಟಾರು ಕಟ್ಟೋ ಪಾಠ ಇವತ್ತಿಗೇ ಬಂದ್!" ಹಿಂದೆ ಕೂತಿದ್ದ ಮಕ್ಕಳ ಮುಖ ನೋಡಿದೆ. ಹೂಂ ಅಂದುಬಿಟ್ಟೆ.

ಕೊಟ್ಟ ಹಂದಿ ನಿನ್ನ ಮಗಳ ಮದುವೆಗೆಂದು ನೀನು ಸಾಕಿದ್ದು, ಗೊತ್ತು. ಇನ್ನೊಂದನ್ನು ನಾನೇ ಸಾಕಿ ಕೊಡುತ್ತೇನೆ. ಕೆಸುವಿನ ಗೆಡ್ಡೆ ಬೇಯಿಸಿಟ್ಟಿದ್ದೇನೆ, ತೆಂಗಿನ ಹಾಲು ಹಿಂಡಿಕೋ. ಹಂದಿಗೂಡಿನ ಬಾಗಿಲು ತೆರೆದಿದೆಯೆಂದು ಗಾಬರಿಯಾಗಬೇಡ.

ನಾಳೆ ಪಾಠ ಇದೆ. ಹಂದಿ ಇಲ್ಲ.