ಅಪ್ಪನ ತಿಥಿ ಬುಧವಾರ

ಟೂಂಗಾಬಿ
೮ ನವೆಂಬರ್ ೨೦೦೬

ಚಿ. ಲಕ್ಷ್ಮೀಶನಿಗೆ ಅಮ್ಮನ ಆಶೀರ್ವಾದ. ಕೋಪದಲ್ಲಿ ಬರೆಯುತ್ತಿದ್ದೇನೆ, ಅದು ಆಶೀರ್ವಾದಕ್ಕೆ ತಾಗದಿರಲಿ.

ನಿನ್ನೆ ಫೋನಿನಲ್ಲಿ, "ಅಮ್ಮ, ಅಪ್ಪನ ತಿಥಿ ಸ್ಯಾಟರ್ಡೇಗೆ ಶಿಫ್ಟ್ ಮಾಡಿದೀನಿ. ವೀಕ್‌ಡೇ ಲೀವ್ ಕಷ್ಟ, ಅಡ್ಜಸ್ಟ್ ಮಾಡ್ಕೊ" ಎಂದೆ. ನಾನು ಫೋನನ್ನು ನಿನ್ನ ಅಕ್ಕನ ಕೈಗೆ ಕೊಟ್ಟೆ. ಅದನ್ನು ಒಪ್ಪಿಗೆ ಎಂದುಕೊಳ್ಳಬೇಡ.

ನಿಮ್ಮಪ್ಪ ಹೋದದ್ದು ಕಾರ್ತಿಕ ಬಹುಳ ದಶಮಿಯಂದು. ಈ ಸಲ ಅದು ಮುಂದಿನ ಬುಧವಾರ ಬರುತ್ತದೆ. ಸತ್ಯನಾರಾಯಣ ಪೂಜೆಯನ್ನು ಯಾವ ಭಾನುವಾರಕ್ಕಾದರೂ ಇಟ್ಟುಕೊ, ನಾನೇ ಬಂದು ಸಜ್ಜಿಗೆ ಮಾಡಿಕೊಡುತ್ತೇನೆ. ಸಾಯುವ ದಿನವನ್ನು ಅವರು ಆರಿಸಿಕೊಳ್ಳಲಿಲ್ಲ, ನೀನೂ ಆರಿಸಬೇಡ.

ಪಿಂಡ ಇಡಬೇಕಾದವನು ನೀನೊಬ್ಬನೇ. ನಾನೇ ಇಡಬಹುದಾಗಿದ್ದರೆ ನಿನ್ನನ್ನು ಕೇಳುತ್ತಲೇ ಇರಲಿಲ್ಲ.

ಮಂಗಳವಾರ ಸಂಜೆ ಟಾರ್ನೀಟ್‌ಗೆ, ನಿನ್ನ ಮನೆಗೆ ಬರುತ್ತೇನೆ. ಎಳ್ಳು, ದರ್ಭೆ ನಾನು ತರುತ್ತೇನೆ, ಬಾಳೆಲೆ ನೀನು ಹುಡುಕಿಡು. ಪುರೋಹಿತರಿಗೆ ಈಗಲೇ ಫೋನ್ ಮಾಡು. ಕೇಟರಿಂಗ್‌ನವರಿಗೆ ಬೇಡವೆಂದು ಹೇಳು. ನಿಮ್ಮಪ್ಪನಿಗೆ ನಾನೇ ಬಡಿಸಬೇಕು.

ರಜೆಯ ಮಾತಿಗೆ ಬಂದರೆ, ನಿನ್ನೆ ನೀನು ಮನೆಯಲ್ಲಿ ಕೂತು ಫೋನ್ ಮಾಡಿದ್ದು ಮೆಲ್ಬರ್ನಿನಲ್ಲಿ ಕುದುರೆ ಪಂದ್ಯವೆಂದು ಊರಿಗೆಲ್ಲ ರಜ ಕೊಟ್ಟಿದ್ದರಿಂದ. ಮಂಗಳವಾರವಾದರೂ ಆ ಕುದುರೆಗಳನ್ನು ಯಾರೂ ಶನಿವಾರಕ್ಕೆ ಅಡ್ಜಸ್ಟ್ ಮಾಡಲಿಲ್ಲ.

ಇತಿ,
ಬುಧವಾರವೇ ಒಲೆ ಹಚ್ಚುವ
ನಿನ್ನ ಅಮ್ಮ