ಬಕ್ರೀದಿನ ಕ್ಯಾಸೆಟ್ಟಿನ ಹಿಂಬದಿ

ಖುರಿಬ್ಗಾ,
೧೨ ನವೆಂಬರ್ ೨೦೧೨

ಪ್ರೀತಿಯ ಅಪ್ಪಾ,

ನಿಮ್ಮ ಹಣೆಗೂ ಕೈಗೂ ಮುತ್ತಿಟ್ಟು ಈ ಕಾಗದ ಶುರು ಮಾಡುತ್ತಿದ್ದೇನೆ. ಮಂಡಿ ನೋವು ಹೇಗಿದೆ? ರೂಬೆಯಲ್ಲಿ ಈಗಾಗಲೇ ಚಳಿ ಹಿಡಿದಿರಬೇಕು. ನಿಮ್ಮ ಸೊಸೆ ಸುಆದ್ ಕಟ್ಟಿಕೊಟ್ಟ ಆಲಿವ್ ಎಣ್ಣೆಯನ್ನು ಕೂಲಿಗಾರರ ಹಾಸ್ಟೆಲಿನ ಮುದುಕರಿಗೆಲ್ಲ ಹಂಚಿ ಕೂರಬೇಡಿ, ಬೆಚ್ಚಗೆ ಮಾಡಿ ಮಂಡಿಗೆ ತಿಕ್ಕಿಕೊಳ್ಳಿ. ಪಿಂಚಣಿ ಬೇಕಾದರೆ ವರ್ಷದಲ್ಲಿ ಆರು ತಿಂಗಳು ಫ್ರಾನ್ಸಿನಲ್ಲೇ ಬಿದ್ದಿರಬೇಕು ಎಂದು ಕಾನೂನು ಬರೆದವರಿಗೆ ಮಂಡಿಯೇ ಇರಲಿಕ್ಕಿಲ್ಲ. ಇಲ್ಲಿ ಎಲ್ಲರೂ ಕ್ಷೇಮ. ಸುಆದ್ ಮೊನ್ನೆ ಮಾಡಿದ ಕೂಸ್‌ಕೂಸ್‌ನಲ್ಲಿ ಕುಂಬಳಕಾಯಿಯೇ ಹೆಚ್ಚಾಗಿ, ಅಜ್ಜ ಇದ್ದಿದ್ದರೆ ತಟ್ಟೆ ದೂಡುತ್ತಿದ್ದರು ಎಂದು ಹಿಬಾ ನಕ್ಕಳು. ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ. ಎಪ್ಪತ್ತು ದಾಟಿದ ಮೇಲೆ ಸಂಜೆ ತರಗತಿಗೆ ಹೋಗಿ ಓದಲು ಕಲಿತಿರಲ್ಲ, ಆ ಧೈರ್ಯದಿಂದಲೇ ಕೂತಿದ್ದೇನೆ. ಇದು ಇನ್ನೊಬ್ಬರಿಂದ ಓದಿಸಿಕೊಳ್ಳುವ ಕಾಗದವಲ್ಲ.

ಕಳೆದ ತಿಂಗಳು ಅಮ್ಮ ತೀರಿ ವರ್ಷ ತುಂಬಿದ ದಿನ, ಗೋರಿಗೆ ನೀರು ಹಾಕಿ ಹಿಂದಿರುಗುವಾಗ ನಾನು ಕೇಳದೆಯೇ ನೀವು ಹೇಳಿದಿರಿ. “ಒಂದ್ಸಲ ನಿಮ್ಮನ್ನೆಲ್ಲ ಫ್ರಾನ್ಸಿಗೇ ಕರೆಸ್ಕೊಳ್ಳೋಣ ಅಂತಿದ್ದೆ ಕಣೋ. ಎರಡು ಕೋಣೆ ಮನೆ ಸಿಕ್ಕಿತ್ತು. ಎಂಬತ್ತೇಳರ ಬಕ್ರೀದಿಗೆ ಕ್ಯಾಸೆಟ್ಟಲ್ಲಿ ಹೇಳಿ ಕಳಿಸ್ದೆ. ಬರಲ್ಲ ಅಂತ ಉತ್ತರ ಬಂತು. ಅವಳಿಗೆ ನನ್ ಜತೆ ಬಾಳೋ ಮನಸ್ಸಿರಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.” ಇಷ್ಟು ಹೇಳಿ ನೀವು ಪುದೀನ ಕೊಳ್ಳಲು ನಿಂತಿರಿ. ನಾನು ಬಗ್ಗಿ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದೆ. ನಿಮ್ಮ ಮುಖ ನೋಡಲು ನನಗೆ ಆಗಲಿಲ್ಲ. ಇಪ್ಪತ್ತೈದು ವರ್ಷ ನೀವು ಹೊತ್ತ ಆ ಮಾತು ನಿಜವಲ್ಲ ಅಪ್ಪಾ. ಅದನ್ನು ವಿವರಿಸಬೇಕಾದರೆ, ನೀವು ‘ತಗಡು ಬಡಿಯೋ ಸದ್ದು’ ಎಂದು ಬೈಯುತ್ತಿದ್ದ ನನ್ನ ರಾಕ್ ಸಂಗೀತದ ಹುಚ್ಚಿನಿಂದಲೇ ಶುರು ಮಾಡಬೇಕು. ಸ್ವಲ್ಪ ಸಹಿಸಿಕೊಳ್ಳಿ.

ಬೇಕರಿಯವನ ಮಗ ಜಲಾಲ್ ನೆನಪಿದ್ದಾನಲ್ಲ, ಮುಂದಲೆ ಕಣ್ಣ ಮೇಲೆ ಬಿಟ್ಟುಕೊಂಡು ಎಲ್ಲರ ಬಾಯಿಗೂ ಬಿದ್ದವನು. ಅವನ ಮನೆಯಲ್ಲಿ ಎರಡು ಕ್ಯಾಸೆಟ್ ಹಾಕುವ ಟೇಪ್ ರೆಕಾರ್ಡರ್ ಇತ್ತು. ನಮ್ಮ ಇಡೀ ಬೀದಿಯಲ್ಲಿ ಅಂಥದ್ದು ಅದೊಂದೇ. ಸಾಲ್ಟ್ ಲ್ಯಾಂಟರ್ನ್ ಎಂಬ ಇಂಗ್ಲಿಷ್ ತಂಡವನ್ನು ನಾನು ಮೊದಲು ಕೇಳಿದ್ದು ಅದರಲ್ಲೇ. ನಾವು ಅವರನ್ನು ‘ಕಂದೀಲಿನವರು’ ಎನ್ನುತ್ತಿದ್ದೆವು. ನಮಗೆ ಬರುತ್ತಿದ್ದದ್ದು ನಕಲಿನ ನಕಲು, ಹೊದಿಕೆಯ ಚಿತ್ರವಾಗಲಿ ಆಲ್ಬಮ್ಮಿನ ಹೆಸರಾಗಲಿ ಇರುತ್ತಿರಲಿಲ್ಲ. ಹಾಗಾಗಿ ಜಲಾಲ್ ಚೀಟಿ ಬರೆದ ಶಾಯಿಯ ಬಣ್ಣವೇ ಆಲ್ಬಮ್ಮಿನ ಹೆಸರು. ಮೊದಲನೆಯದು ನೀಲಿ, ಎರಡನೆಯದು ಹಸಿರು. ಹಸಿರೇ ನನ್ನ ಪ್ರಾಣ. ಜಲಾಲ್ ಗುಂಡಿ ಒತ್ತಲು ತಡಮಾಡಿದ್ದರಿಂದ ನಮ್ಮ ಹಸಿರಿನಲ್ಲಿ ಮೊದಲ ಹಾಡು ನೇರ ಡ್ರಮ್ಮಿನ ಏಟಿನಿಂದ ಶುರುವಾಗುತ್ತಿತ್ತು. ಎಷ್ಟೋ ವರ್ಷದ ಮೇಲೆ ಕಾಸಾಬ್ಲಾಂಕಾದಲ್ಲಿ ಅಸಲಿ ಡಿಸ್ಕ್ ಕೊಂಡು ಕೇಳಿದರೆ, ಮುಂದುಗಡೆ ನಿಧಾನವಾದ ಗಿಟಾರು ಬಂತು. ಯಾರೋ ನಮ್ಮ ಹಾಡನ್ನು ಕೆಡಿಸಿದ್ದಾರೆ ಅನ್ನಿಸಿತು. ಈಗಲೂ ನನಗೆ ಆ ಅರೆಬರೆ ನಕಲೇ ಸರಿಯಾದದ್ದು.

ಆಮೇಲೆ ಮೂರನೆಯದಕ್ಕಾಗಿ ಕಾಯುವುದು ಶುರುವಾಯಿತು. ಮೂರು ವರ್ಷ ಕಾದೆವು ಅಪ್ಪಾ. ಭಾನುವಾರದ ಸಂತೆಯಲ್ಲಿ ಹಳೇ ಫ್ರೆಂಚ್ ಪತ್ರಿಕೆಗಳನ್ನು ಕಡಲೆ ಕಟ್ಟಲೆಂದು ತೂಕಕ್ಕೆ ಮಾರುತ್ತಿದ್ದರಲ್ಲ, ಅದರಲ್ಲಿ ಕೈಯಾಡಿಸಿ ಸುದ್ದಿ ಹುಡುಕುತ್ತಿದ್ದೆವು. ಡ್ರಮ್ಮಿನವನು ಜಗಳವಾಡಿ ಬಿಟ್ಟುಹೋದನಂತೆ ಎಂದು ಓದಿದ ದಿನ ನಾನು ಊಟ ಬಿಟ್ಟೆ. ಅಮ್ಮನಿಗೆ ಗಾಬರಿ. “ಯಾರೋ ಸತ್ತಂಗೆ ಕೂತಿದೀಯಲ್ಲೋ, ನಿಮ್ಮಪ್ಪನಿಗೇನೂ ಆಗಿಲ್ಲ ತಾನೇ?” ಎಂದಳು. ಅವಳ ಎಲ್ಲ ಹೆದರಿಕೆಯೂ ನಿಮ್ಮ ಕಡೆಗೇ ಓಡುತ್ತಿತ್ತು. ನನಗೋ, ಹೇಳಲು ನಾಚಿಕೆಯಾಗುತ್ತದೆ, ನೀವು ಬರುವ ಆಗಸ್ಟ್‌ಗಿಂತ ಆ ಕ್ಯಾಸೆಟ್ ಬರುವ ದಿನವೇ ದೊಡ್ಡದಾಗಿತ್ತು.

ಎಂಬತ್ತೇಳರ ಆಗಸ್ಟಿನಲ್ಲಿ ನಿಮಗೆ ರಜೆ ಸಿಗಲಿಲ್ಲ. ಹಬ್ಬದ ಹಿಂದಿನ ದಿನ ಪಕ್ಕದ ಮನೆಯ ಮಾಅತಿ ಫ್ರಾನ್ಸಿನಿಂದ ಕಾರಿನಲ್ಲಿ ಬಂದು, ಕಾಗದದ ಬದಲು ನೀವು ಮಾತು ತುಂಬಿಸಿ ಕಳಿಸುತ್ತಿದ್ದ ಕ್ಯಾಸೆಟ್ ಕೊಟ್ಟರು. ನಮ್ಮ ಮನೆಯ ಪದ್ಧತಿ ನಿಮಗೆ ಗೊತ್ತು: ಕುರಿ ಕೊಯ್ದು, ಊಟವಾಗಿ, ನೆಂಟರೆಲ್ಲ ಸುತ್ತ ಕೂತ ಮೇಲೆಯೇ ನಿಮ್ಮ ದನಿ ಕೇಳಬೇಕು. ಅಲ್ಲಿಯವರೆಗೆ ಅದು ಅಮ್ಮನ ಕಪಾಟಿನಲ್ಲಿ ಬಟ್ಟೆಯ ಕೆಳಗೆ. ಹಬ್ಬದ ಬೆಳಿಗ್ಗೆ ಜಲಾಲ್ ಓಡಿಬಂದ. ಬ್ರಸೆಲ್ಸಿನ ಅವನ ಮಾವನ ಮಗ ಕಂದೀಲಿನವರ ಮೂರನೇ ಆಲ್ಬಂ ತಂದಿದ್ದಾನೆ, ಮಧ್ಯಾಹ್ನಕ್ಕೆ ಅಗಾದಿರ್‌ಗೆ ಹೊರಟುಹೋಗುತ್ತಾನೆ. ಖಾಲಿ ಕ್ಯಾಸೆಟ್ಟು ಯಾರ ಹತ್ತಿರವೂ ಇಲ್ಲ, ಅಂಗಡಿಗಳೆಲ್ಲ ಹಬ್ಬಕ್ಕೆ ಬಾಗಿಲು ಹಾಕಿವೆ. ಹೆಂಗಸರೆಲ್ಲ ಮಾಳಿಗೆಯ ಮೇಲೆ ಕುರಿಯ ಕೆಲಸದಲ್ಲಿದ್ದರು. ನಾನು ಕಪಾಟಿಗೆ ಕೈ ಹಾಕಿದೆ.

ನೀವು ಯಾವಾಗಲೂ ಒಂದೇ ಮಗ್ಗುಲಲ್ಲಿ ಮಾತಾಡುತ್ತಿದ್ದಿರಿ. ಎಲ್ಲ ನೆಂಟರ ಹೆಸರು ಹಿಡಿದು ಸಲಾಂ ಹೇಳಿ, ಹವಾಮಾನ ಹೇಳಿ, ಮುಗಿಸಿಬಿಡುತ್ತಿದ್ದಿರಿ. ಹಿಂಬದಿ ಖಾಲಿ. ಅದು ವ್ಯರ್ಥವಾಗುವುದು ಯಾಕೆ ಎಂದುಕೊಂಡೆ. ಆದರೆ ಇದೊಂದು ಮಾತು ಮುಚ್ಚಿಡಲಾರೆ. ಮಾತು ತುಂಬಿಸಿದ ಮಗ್ಗುಲಿನ ಪ್ಲಾಸ್ಟಿಕ್ ಹಲ್ಲನ್ನು, ಯಾರೂ ಅಳಿಸಬಾರದೆಂದು, ನೀವು ಚಾಕುವಿನ ತುದಿಯಿಂದ ಮುರಿಯುತ್ತಿದ್ದಿರಿ. ಆ ಸಲ ಎರಡೂ ಹಲ್ಲು ಮುರಿದಿದ್ದವು. ನಾನು ನೋಡಿದೆ. ನೋಡಿಯೂ, ಅಪ್ಪ ಮರೆತು ಎರಡನ್ನೂ ಮುರಿದಿರಬೇಕು ಎಂದು ನನಗೆ ನಾನೇ ಹೇಳಿಕೊಂಡು, ಮತ್ತೆ ರೆಕಾರ್ಡ್ ಆಗುವಂತೆ ಆ ತೂತಿಗೆ ಕಾಗದದ ಉಂಡೆ ತುರುಕಿ, ಜಲಾಲನ ಟೇಪ್ ರೆಕಾರ್ಡರಿಗೆ ಹಾಕಿ ಗುಂಡಿ ಒತ್ತಿದೆ. ಕೇಳಿ ನೋಡುವಷ್ಟು ತಾಳ್ಮೆ ನನಗಿರಲಿಲ್ಲ. ಅರ್ಧ ಗಂಟೆಗೆ ಮಗ್ಗುಲು ಮುಗಿದು ಕೊನೆಯ ಹಾಡು ನಡುವಿನಲ್ಲೇ ನಿಂತಿತು. ಅದಕ್ಕಾಗಿ ಬೇಜಾರು ಮಾಡಿಕೊಂಡೆ ಹೊರತು ಬೇರೇನಕ್ಕೂ ಅಲ್ಲ. ಕ್ಯಾಸೆಟ್ಟನ್ನು ಮತ್ತೆ ಕಪಾಟಿನ ಬಟ್ಟೆಯ ಕೆಳಗೆ ಇಟ್ಟೆ.

ಊಟವಾದ ಮೇಲೆ ಎಲ್ಲರೂ ನಿಮ್ಮ ದನಿ ಕೇಳಿದರು. ಸಲಾಮುಗಳೆಲ್ಲ ಮುಗಿದು ನೀವು ಕೆಮ್ಮಿ, “ಉಳಿದದ್ದು ಹಿಂದುಗಡೆ ಇದೆ ಮಹ್ಜೂಬಾ, ನೀನೊಬ್ಳೇ ಕೇಳು” ಎಂದಿರಿ. ಹೆಂಗಸರು ನಕ್ಕು ಅಮ್ಮನ ತೊಡೆ ಚಿವುಟಿದರು. ರಹ್ಮಾ ಅತ್ತೆ, “ಹೋಗಮ್ಮ ಹೋಗು, ಲಿವರ್ ನಾನು ಸುಡ್ತೀನಿ, ನೀನು ನಮ್ಮಣ್ಣನ ಗುಟ್ಟು ಕೇಳು” ಎಂದು ಅವಳನ್ನು ಎಬ್ಬಿಸಿಯೇ ಬಿಟ್ಟರು. ಅಮ್ಮ ಕೆಂಪಗಾಗಿ ಟೇಪ್ ರೆಕಾರ್ಡರ್ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಒಳಗೆ ಕೇಳಿದ್ದು ಕಂದೀಲಿನವರ ಗಿಟಾರು ಅಪ್ಪಾ. ನೀವು ಬಾ ಎಂದದ್ದು ಅವಳ ಕಿವಿಗೆ ಬೀಳಲೇ ಇಲ್ಲ. ಮುಂದಿನ ವಾರ ನಿಮಗೆ ಉತ್ತರದ ಕ್ಯಾಸೆಟ್ ತುಂಬಿಸುವಾಗ ಗುಂಡಿ ಒತ್ತಿದವನು ನಾನೇ. “ನಾನು ಇಲ್ಲೇ ಇರ್ತೀನಿ, ನನ್ ಚಿಂತೆ ಮಾಡ್ಬೇಡಿ” ಎಂದಳು. ನೀವು ಅದನ್ನು ಬರಲ್ಲ ಎಂದು ತಿಳಿದಿರಿ. ಮರುವರ್ಷ ನೀವು ಬಂದಾಗ ಆ ಕ್ಯಾಸೆಟ್ಟನ್ನು ಜಲಾಲನ ಮನೆಯಲ್ಲಿ ಅಡಗಿಸಿ ಇಡೀ ತಿಂಗಳು ಹೆದರಿಕೊಂಡು ತಿರುಗಿದೆ. ನೀವಿಬ್ಬರೂ ಅದರ ಮಾತೆತ್ತಲಿಲ್ಲ. ನಾನು ಬದುಕಿಕೊಂಡೆ ಅಂದುಕೊಂಡೆ. ಹಿಂಬದಿಯಲ್ಲಿ ಏನಿತ್ತೆಂದು ನನಗೆ ತಿಳಿದದ್ದು ಮಾತ್ರ ಕಳೆದ ತಿಂಗಳು, ಪುದೀನದ ಗಾಡಿಯ ಮುಂದೆ.

ಕಂದೀಲಿನವರು ಇಷ್ಟು ವರ್ಷದ ಮೇಲೆ ಮತ್ತೆ ಒಟ್ಟಾಗಿ ಡಿಸೆಂಬರಿನಲ್ಲಿ ಹೊಸ ಆಲ್ಬಂ ತರುತ್ತಾರಂತೆ. ಹಿಬಾ ಫೋನಿನಲ್ಲಿ ತೋರಿಸಿದಳು. ಹಿಂದಾಗಿದ್ದರೆ ದಿನ ಎಣಿಸುತ್ತಿದ್ದೆ. ಈಗ ಎಣಿಸುವುದು ನಿಮ್ಮ ಉತ್ತರಕ್ಕೆ. ಬೈದು ಬರೆದರೂ ಸರಿ, ನಿಮ್ಮ ಕೈಯಿಂದಲೇ ಬರೆಯಿರಿ. ಸುಆದ್, ಹಿಬಾ, ಈಗ ಕಿವಿ ಕೇಳದ ರಹ್ಮಾ ಅತ್ತೆ ಎಲ್ಲರೂ ನಿಮಗೆ ಸಲಾಂ ಹೇಳಿದ್ದಾರೆ. ದೇವರು ನಿಮ್ಮನ್ನು ನಮ್ಮ ತಲೆಯ ಮೇಲೆ ಬಹಳ ಕಾಲ ಇಟ್ಟಿರಲಿ.

ನಿಮ್ಮ ಮಗ
ಲರ್ಬಿ

ಮರೆತ ಮಾತು: ಮರೆತದ್ದಲ್ಲ, ತಪ್ಪಿಸಿಕೊಂಡದ್ದು. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಅಂಚೆ ಕಚೇರಿ ಮುಚ್ಚುವ ಹೊತ್ತಾಗಿದೆ, ಬೇಗ ಹೇಳಿಬಿಡುತ್ತೇನೆ. ಅಂದು ಅಮ್ಮ ಅಡುಗೆಮನೆಯ ಬಾಗಿಲು ಸ್ವಲ್ಪ ತೆರೆದು ನನ್ನನ್ನು ಒಳಗೆ ಕರೆದಳು. ಸಿಟ್ಟಿರಲಿಲ್ಲ. “ನಿಮ್ಮಪ್ಪ ನನಗೆ ಹಾಡು ಕಳಿಸಿದಾನೆ ಕಣೋ. ಏನಂತಾನೆ ಇದ್ರಲ್ಲಿ? ನೀನು ಓದಿದವನಲ್ವಾ, ಹೇಳು” ಎಂದಳು. ನನಗೆ ಆಗ ಇಂಗ್ಲಿಷಿನ ಗಂಧವೂ ಇರಲಿಲ್ಲ. ನಿಜ ಹೇಳಬಹುದಿತ್ತು, ಹೇಳಲಿಲ್ಲ. “ಕಾಯ್ತಾ ಇರು, ನಾನೇ ಬರ್ತೀನಿ ಅಂತಾರಮ್ಮ” ಎಂದೆ. ಅವಳು ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಆಮೇಲೆ ಇಪ್ಪತ್ತನಾಲ್ಕು ವರ್ಷ ನೀವು ಹೇಳಿದಿರೆಂದೇ ಕಾದಳು. ಆಸ್ಪತ್ರೆಯಲ್ಲಿ ಕೊನೆಯ ವಾರ ನನ್ನ ಕೈ ಹಿಡಿದು, “ನಾನು ಕಾದಿದ್ದು ನಿಮ್ಮಪ್ಪನಿಗೆ ಗೊತ್ತಲ್ವೇನೋ?” ಎಂದು ಕೇಳಿದಳು. ಗೊತ್ತಮ್ಮ ಎಂದೆ. ನಿಮಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು.