ಮೊಣಕೈಯಿಂದ ಗುರಿ ಹಿಡಿದ ಶಾರ್ವರಿ

ಗದಗ, ಫೆಬ್ರುವರಿ 30, 2231

ಮಾನ್ಯ ಶಾರ್ವರಿ ಹೂಗಾರ ಅವರಿಗೆ,

ದಿನಾಂಕ ಕಂಡು ನಗಬೇಡಿ; ನಮ್ಮ ಪಂಚಾಂಗದಲ್ಲಿ ಫೆಬ್ರುವರಿಗೂ ಮೂವತ್ತು ದಿನ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತವಳು. ಮಾತು ಎಲ್ಲಾದರೂ ಸೊಟ್ಟಗಾದರೆ ಮನ್ನಿಸಿ.

ನಾನು ದೂರಗೈ ಶಾಲೆಯ ಶಿಕ್ಷಕಿ. ಬೇರೆ ಊರಿನಲ್ಲಿ ಕುಳಿತವರ ಕೈ ಆಡಿದಂತೆ ಆಡುವ ಯಂತ್ರದ ಕೈಯನ್ನು ನಾವು ದೂರಗೈ ಅನ್ನುತ್ತೇವೆ. ನನ್ನ ವಿದ್ಯಾರ್ಥಿಗಳು ಬೆಳಿಗ್ಗೆ ರೊಟ್ಟಿ ತಿಂದು ಬಂದು, ಇಲ್ಲಿಂದಲೇ ನಡುಗಡಲಿನ ಹಡಗಿನಲ್ಲಿ ಮಲಗಿದ ರೋಗಿಯ ಕಣ್ಣಿಗೆ ಹೊಲಿಗೆ ಹಾಕುತ್ತಾರೆ. ಮೊದಲ ವರ್ಷ ಅವರು ಓದುವ ಪಠ್ಯ ನಿಮ್ಮ ನೋಟುಪುಸ್ತಕ. ಅದನ್ನು ಬರೆದದ್ದು ಬಂದೂಕಿನ ವಿಡಿಯೋ ಗೇಮಿಗಾಗಿ ಎಂದಾಗ ಎಲ್ಲರೂ ನಗುತ್ತಾರೆ. ಆಗ ನಾನು ನಿಮಗಾದದ್ದನ್ನು ಹೇಳುತ್ತೇನೆ.

ನೀವು ಬೆಟಗೇರಿಯ ಮುದ್ರಣಾಲಯದಲ್ಲಿ ಪುಟ ಜೋಡಿಸುವ ಕೆಲಸದಲ್ಲಿದ್ದಿರಿ. ಸಂಜೆ ಗೇಮಿಂಗ್ ಸೆಂಟರಿನಲ್ಲಿ ಐವರ ತಂಡದ ಜೊತೆ ಯುದ್ಧದ ಆಟ ಆಡುತ್ತಿದ್ದಿರಿ. ಸ್ಕೂಟರ್ ಜಾರಿ ಬಲ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೂ ನಡುಕ ಉಳಿಯಿತು. ತಂಡದ ನಾಯಕ ಫೈರೋಜ್ ನದಾಫ್ ಕೊನೆಗೆ ಹೇಳಿಯೇಬಿಟ್ಟ: "ಸಿಟ್ಟಾಗಬ್ಯಾಡ್ರಿ ಅಕ್ಕಾರ. ಈ ಆಟದಾಗ ಒಂದ ಗುಂಡಿಗೆ ಜೀವ ಹೋಗತೈತಿ. ನೀವು ಸ್ವಲ್ಪ ದಿನ ಹೊರಗ ಕೂಡ್ರಿ."

"ಹುಬ್ಬಳ್ಳಿ ಪಂದ್ಯಕ್ಕ ಎಷ್ಟ ದಿನ ಐತಿ?"

"ಏಳು ವಾರ."

"ಏಳನೇ ವಾರ ನನ್ನ ಆಟ ನೋಡು. ಆಮ್ಯಾಲೆ ಹೇಳು."

ಮನೆಗೆ ಹೋಗಿ ಅತ್ತಿರಿ ಎಂದು ನೋಟುಪುಸ್ತಕದ ಮೊದಲ ಪುಟದಲ್ಲೇ ಇದೆ. ಮರುದಿನದ ಪುಟದಲ್ಲಿ ಅಳುವಿಲ್ಲ, ಅಳತೆಯಿದೆ. ಆಟದೊಳಗಿನ ಸೈನಿಕ ಒಂದು ಪೂರ್ತಿ ಸುತ್ತು ತಿರುಗಲು ಮೌಸ್ ಎಷ್ಟು ದೂರ ಸರಿಯಬೇಕೆಂದು ನೀವು ಸ್ಕೇಲ್ ಇಟ್ಟು ನೋಡಿದಿರಿ: ಹನ್ನೊಂದು ಸೆಂಟಿಮೀಟರ್. ಅಷ್ಟು ಚುರುಕಾದ ಮೌಸಿನಲ್ಲಿ ಬೆರಳಿನ ಸಣ್ಣ ನಡುಕಕ್ಕೂ ಗುರಿ ಗೋಡೆ ದಾಟುತ್ತಿತ್ತು. ನೀವು ಆ ಚುರುಕನ್ನು, ಅಂದರೆ ಸೆನ್ಸಿಟಿವಿಟಿಯನ್ನು, ಇಳಿಸಿ ದೂರವನ್ನು ನಲವತ್ತೆರಡು ಸೆಂಟಿಮೀಟರಿಗೆ ಏರಿಸಿದಿರಿ. ಜೋರಾಗಿ ಎಳೆದಷ್ಟೂ ಗುರಿ ಇನ್ನೂ ಮುಂದೆ ಓಡುವಂತೆ ಮಾಡುವ ಸೌಲಭ್ಯವನ್ನು ಬಂದ್ ಮಾಡಿದಿರಿ. ಇನ್ನು ಮಣಿಕಟ್ಟೊಂದೇ ಸಾಲದು, ಮೊಣಕೈಯಿಂದ ಇಡೀ ತೋಳು ಚಲಿಸಬೇಕು. ಅಷ್ಟು ಅಗಲದ ಪ್ಯಾಡ್ ಎಲ್ಲಿ? ಮುದ್ರಣಯಂತ್ರದಿಂದ ಬಿಚ್ಚಿ ಎಸೆದಿದ್ದ ರಬ್ಬರ್ ಹಾಳೆಯನ್ನು ತೊಳೆದು, ಅದರ ಬಟ್ಟೆಯ ಮಗ್ಗುಲನ್ನು ಮೇಲೆ ಮಾಡಿ ಮೇಜಿನ ತುಂಬ ಹಾಸಿದಿರಿ.

ಮೊದಲ ಹತ್ತು ದಿನ ಮೊದಲಿಗಿಂತ ಹೆಚ್ಚು ಸೋತಿರಿ. ಹೆಗಲು ನೋಯಿತು. ಆದರೂ ಆ ನಲವತ್ತೆರಡನ್ನು ಬದಲಿಸಲಿಲ್ಲ. "ದಿನಕ್ಕೊಂದು ಅಳತೆ ಬದಲಿಸಿದರೆ ಕೈ ಯಾವುದನ್ನು ಕಲಿಯಬೇಕು?" ಎಂದು ಬರೆದಿದ್ದೀರಿ. ಈ ವಾಕ್ಯ ಈಗ ನಮ್ಮ ತರಗತಿಯ ಗೋಡೆಯ ಮೇಲಿದೆ. ದಿನಾ ಇಪ್ಪತ್ತು ನಿಮಿಷ ಅಭ್ಯಾಸ: ಮೊದಲು ನಿಧಾನ, ತಪ್ಪದಿದ್ದರೆ ಮಾತ್ರ ವೇಗ. ಶತ್ರು ಕಂಡ ಮೇಲೆ ಹುಡುಕುವ ಬದಲು, ಅವನು ಇಣುಕುವ ಬಾಗಿಲಂಚಿನಲ್ಲಿ, ಅವನ ತಲೆಯೆತ್ತರಕ್ಕೆ ಗುರಿಯನ್ನು ಮೊದಲೇ ಇಟ್ಟು ಕಾಯುವುದನ್ನು ಕಲಿತಿರಿ. ಏಳನೇ ವಾರ ನಿಮ್ಮ ಆಟ ನೋಡಿದ ಫೈರೋಜ್ ಪಟ್ಟಿಯಲ್ಲಿ ನಿಮ್ಮ ಹೆಸರು ಬರೆದ.

ಹುಬ್ಬಳ್ಳಿಯ ಕೊನೆಯ ಸುತ್ತಿನಲ್ಲಿ ನಿಮ್ಮ ತಂಡದ ಉಳಿದ ನಾಲ್ವರೂ ಆಟದೊಳಗೆ ಸತ್ತು ನೀವೊಬ್ಬರೇ ಉಳಿದಿರಿ; ಎದುರು ಇಬ್ಬರು. "ಹೊಡೀರಿ ಅಕ್ಕಾರ, ಹೊಡೀರಿ!" ಎಂದು ಫೈರೋಜ್ ಕೂಗುತ್ತಿದ್ದ. ಗುರಿ ಕೂರುವವರೆಗೆ ನೀವು ಹೊಡೆಯಲಿಲ್ಲ. ಒಂದು ಗುಂಡು, ಒಬ್ಬ ಬಿದ್ದ. ತೋಳು ಸರಿಯಿತು, ನಿಂತಿತು. ಇನ್ನೊಂದು ಗುಂಡು.

ಆಮೇಲೆ ಅವನು ನಿಮ್ಮ ಕೈ ನೋಡಿ ಗಾಬರಿಯಾದ. "ಇನ್ನೂ ನಡಗಾಕತ್ತೈತಲ್ರಿ ಅಕ್ಕಾರ!"

"ನಡಗ್ಲಿ ಬಿಡೋ. ಮೊಣಕೈ ನಡಗಂಗಿಲ್ಲ."

ಈ ಮಾತೆಲ್ಲ ಫೈರೋಜ್ ಮುಪ್ಪಿನಲ್ಲಿ ಮೊಮ್ಮಕ್ಕಳಿಗೆ ಹೇಳಿ ಧ್ವನಿಮುದ್ರಿಸಿದ್ದರಿಂದ ಉಳಿಯಿತು. ಅದು ಸಿಗುವವರೆಗೆ ನಾವು ನಿಮ್ಮನ್ನು 'ಪಠ್ಯದ ಕರ್ತೃ' ಎಂದಷ್ಟೇ ಕರೆಯುತ್ತಿದ್ದೆವು. ಪುಸ್ತಕದ ತೊಂಬತ್ತಾರು ಪುಟಗಳಲ್ಲಿ ಎಲ್ಲೂ ನಿಮ್ಮ ಹೆಸರಿಲ್ಲ. ಹುಡುಕಲು ನನಗೆ ಹನ್ನೊಂದು ವರ್ಷ ಹಿಡಿಯಿತು. ಆದ್ದರಿಂದ ಒಂದೇ ಬೇಡಿಕೆ. ಈ ಪತ್ರ ಹೇಗಾದರೂ ನಿಮ್ಮನ್ನು ಮುಟ್ಟಿದರೆ, ಪೆನ್ನು ತೆಗೆದುಕೊಂಡು ಮೊದಲ ಪುಟದ ಮೇಲೆ ನಿಮ್ಮ ಹೆಸರು ಬರೆಯಿರಿ. ಅಕ್ಷರ ನಡುಗಿದರೂ ಸರಿ.

ನಿಮ್ಮ ಶಿಷ್ಯೆ,
ತಾರಿಣಿ ಬೆಳವಟಗಿ